ಕಿಟ್ಟೆಲ್ ಅಯ್ಯನವರ ದೀರ್ಘಶಾಂತಿ



ಕನ್ನಡ ಓದುಬರಹ ಬಲ್ಲವರ ಮುಂದೆ ಕಿಟ್ಟೆಲ್ ಎಂಬ ಹೆಸರನ್ನೆತ್ತಿದರೆ ಅವರ ಮನಸ್ಸಿಗೆ ಒಡನೆ ಬರುವದು ಒಂದು ದೊಡ್ಡ ನಿಘಂಟು. 1894ನೇ ಇಸವಿಯಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಪ್ರಕಟಿಸಿದ ಆ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ 1,700ಕ್ಕೂ ಹೆಚ್ಚು ಪುಟಗಳುಂಟು. ಅದರೊಳಗೆ ಸುಮಾರು 70,000 ಶಬ್ದಗಳುಂಟು. ಆ ಪುಸ್ತಕವನ್ನು ಕಂಡವರು ಬಹಳ ಮಂದಿ. ಆದರೆ ಅದನ್ನು ಬರೆದವರು ಈ ದೇಶದಲ್ಲಿ ಕಾಲಿಟ್ಟದ್ದು 1853ರಲ್ಲಿ ಎಂಬದನ್ನೂ, ಆ ಎರಡು ಇಸವಿಗಳ ನಡುವೆ 41 ವರುಷಗಳು ಕಳೆದವೆಂಬದನ್ನೂ, ಆ ವರುಷಗಳಲ್ಲಿ ಅವರ ಕೆಲಸವು ಅನೇಕರ ಕಣ್ಣಿಗೆ ಫಲವಿಲ್ಲದ್ದಾಗಿ ತೋರಿತೆಂಬದನ್ನೂ ಬಲ್ಲವರು ಕೊಂಚವೇ. ಈ ತಿಂಗಳು ನಾವು ಆ ವರುಷಗಳ ಕಥೆಯನ್ನು ಹೇಳಬೇಕೆಂದಿದ್ದೇವೆ.

ಹೇಳುವದಕ್ಕೆ ಕಾರಣವುಂಟು. ನಮ್ಮ ಕಮತಗಿ ಸೀಮೆಯಂಥ ಕಡೆಗಳಲ್ಲಿ ಸಭೆಗಳು ಸಣ್ಣವು. ನಾಲ್ಕೈದು ಮನೆಯವರು ಒಂದೆಡೆ ಕೂಡಿದರೆ ಅದೇ ಸಭೆ. ಇಂಥ ಸಭೆಗಳಲ್ಲಿ ಎರಡು ತರದ ನಿಟ್ಟುಸಿರು ಕೇಳಿಬರುವದು. ಹಿರಿಯರು, ಅಜ್ಜಂದಿರ ಕಾಲದಲ್ಲಿ ಇದ್ದಷ್ಟೇ ಮನೆಗಳು ಈಗಲೂ ಇವೆಯಲ್ಲಾ ಎಂದು ಕೊರಗುತ್ತಾರೆ. ಹೊಸದಾಗಿ ನಂಬಿದವರ ದುಃಖವು ಇನ್ನೂ ಆಳವಾದದ್ದು. ದೀಕ್ಷಾಸ್ನಾನವಾಗಿ ಇಷ್ಟು ವರುಷವಾಯಿತು, ಆದರೂ ಹಳೆಯ ಕೋಪವು ಹೋಗಲಿಲ್ಲ, ನಾಲಿಗೆಯು ಹಿಡಿತಕ್ಕೆ ಬರಲಿಲ್ಲ, ಪ್ರಾರ್ಥನೆಗೆ ಕೂತರೆ ಮನಸ್ಸು ಮಗ್ಗದ ಕಡೆಗೂ ಸಾಲದ ಕಡೆಗೂ ಓಡುತ್ತದೆ. ಹೀಗಿರಲಾಗಿ ನಾವು ನಿಜವಾಗಿ ಬದಲಾದೆವೋ ಇಲ್ಲವೋ ಎಂದು ಅವರು ತಮ್ಮೊಳಗೆ ಬೇಯುತ್ತಾರೆ. ಕೆಲವರು ಈ ಬೇಗುದಿಯನ್ನು ತಾಳಲಾರದೆ ಆರಾಧನೆಗೆ ಬರುವದನ್ನೇ ಬಿಟ್ಟುಬಿಡುವದುಂಟು. ಇಂಥವರ ಮುಂದೆ ಇಡತಕ್ಕ ಜೀವಿತವು ಕಿಟ್ಟೆಲ್ ಅಯ್ಯನವರದು ಎಂದು ನಮಗೆ ತೋರುತ್ತದೆ. ಯಾಕಂದರೆ ಅವರೂ ಮೊದಲು ಆತುರಗಾರರೇ ಆಗಿದ್ದರು.

ಫೆರ್ಡಿನಾಂಡ್ ಕಿಟ್ಟೆಲ್ ಎಂಬವರು 1832ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿ ದೇಶದ ಉತ್ತರ ಕಡಲ ತೀರದಲ್ಲಿರುವ ಪೂರ್ವ ಫ್ರೀಸ್‌ಲಾಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ತಂದೆಯು ಆ ಊರಿನ ಪಾದ್ರಿ. ಆ ಸೀಮೆಯ ವಿಷಯವಾಗಿ ಒಂದು ಮಾತು ಹೇಳಬೇಕು. ಅದು ಬಯಲು ನೆಲ. ಕೆಲವು ಕಡೆ ಕಡಲ ಮಟ್ಟಕ್ಕಿಂತಲೂ ತಗ್ಗು. ಅಲ್ಲಿಯ ಒಕ್ಕಲಿಗರು ನೂರಾರು ವರುಷಗಳಿಂದ ಕಡಲಿಗೆ ಅಡ್ಡವಾಗಿ ಮಣ್ಣಿನ ಏರಿಗಳನ್ನು ಹಾಕಿ, ಕೆಸರನ್ನು ಸ್ವಲ್ಪಸ್ವಲ್ಪವಾಗಿ ಒಣಗಿಸಿ, ಉಪ್ಪು ಇಳಿದುಹೋಗುವ ತನಕ ಕಾದು, ಹೊಲ ಮಾಡಿಕೊಂಡವರು. ಒಬ್ಬನು ಕಟ್ಟಿದ ಏರಿಯ ಒಳಗೆ ಅವನ ಮೊಮ್ಮಗನು ಬಿತ್ತುವನು. ಇಂಥ ಜನರ ನಡುವೆ ಬೆಳೆದರೂ ಹುಡುಗನಿಗೆ ಆ ಗುಣವು ಹುಟ್ಟಿನಿಂದ ಬರಲಿಲ್ಲ. ತಾಳ್ಮೆಯು ಊರಿನಿಂದ ಅಂಟಿಕೊಳ್ಳುವಂಥದಲ್ಲ.

ಔರಿಖ್ ಎಂಬ ಪಟ್ಟಣದ ದೊಡ್ಡ ಶಾಲೆಯಲ್ಲಿ ಓದುತ್ತಿರುವಾಗ ಭಾಷೆಗಳಲ್ಲಿ ಅವರಿಗೆ ಒಳ್ಳೇ ಅಭ್ಯಾಸವಾಯಿತು. 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸುವಾರ್ತಾಸೇವೆಗೆ ತಮ್ಮನ್ನು ಒಪ್ಪಿಸಿಕೊಂಡು ಸ್ವಿಟ್ಸರ್ಲಾಂಡಿನ ಬಾಸೆಲ್ ಪಟ್ಟಣದ ಮಿಶನ್ ಶಾಲೆಗೆ ಸೇರಿದರು. ಮೂರು ವರುಷ ಕಳೆದ ಮೇಲೆ ಅವರನ್ನು ಇಂಡಿಯಾ ದೇಶಕ್ಕೆ ಕಳುಹಿಸಿದರು. ಆಗ ಅವರಿಗೆ ಇಪ್ಪತ್ತೊಂದು ವಯಸ್ಸು.

ಆ 1853ನೇ ಇಸವಿಯನ್ನು ವಾಚಕರು ಸ್ವಲ್ಪ ಮನಸ್ಸಿನಲ್ಲಿ ತಂದುಕೊಳ್ಳಬೇಕು. ಸುಯೆಜ್ ಕಾಲುವೆಯು ಇನ್ನೂ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಮುಂಬಯಿಯಿಂದ ಠಾಣೆಗೆ ಈ ದೇಶದ ಮೊದಲನೆಯ ಪ್ರಯಾಣಿಕರ ರೈಲು ಅದೇ ವರುಷ ಓಡಿತು. ನಮ್ಮ ಧಾರವಾಡ ಸೀಮೆಯಲ್ಲಿ ಎತ್ತಿನ ಬಂಡಿಯೇ ಗತಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಒಂದೊಂದೇ ಠಾಣ್ಯವನ್ನು ಹಾಕುತ್ತ, 1851ರಲ್ಲಿ ನಮ್ಮ ಕಮತಗಿಗೆ ನೆರೆಯಾದ ಗುಳೇದಗುಡ್ಡಕ್ಕೆ ಬಂದಿದ್ದರು. ಅಂದರೆ ಕಿಟ್ಟೆಲ್ ಅಯ್ಯನವರು ಬಂದಾಗ ನಮ್ಮ ಕಡೆಯ ಕೆಲಸಕ್ಕೆ ಎರಡೇ ವರುಷ. ಕನ್ನಡ ಬರವಣಿಗೆಯಲ್ಲಿ ಅವರಿಗಿಂತ ಮುಂಚೆ ದುಡಿದವರು ಮೋಗ್ಲಿಂಗ್ ಅಯ್ಯನವರು. 1843ರಲ್ಲಿ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದವರೂ, ಹಳೇ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಲಿಕ್ಕೆ ಮೊದಲು ಮಾಡಿದವರೂ ಇವರೇ. ಮುಂದೆ ಕಿಟ್ಟೆಲ್ ಅಯ್ಯನವರು ಕೊಯ್ದದ್ದರಲ್ಲಿ ಮೋಗ್ಲಿಂಗ್ ಅಯ್ಯನವರು ಬಿತ್ತಿದ್ದೂ ಸೇರಿದೆ.

ಯುವಕರಾದ ಕಿಟ್ಟೆಲ್ ಅಯ್ಯನವರು ಧಾರವಾಡ ಸೀಮೆಯಲ್ಲಿ ಕೆಲಸಕ್ಕೆ ತೊಡಗಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಶೆ. ಅದೇನಂದರೆ, ಇಂಡಿಯಾದವರಿಗೆ ತಾನೂ ಇಂಡಿಯಾದವನಾಗಬೇಕು. ಯೂರೋಪಿನವರ ಬಂಗಲೆಯ ಬಾಳಿಗೂ ಹಳ್ಳಿಯವರ ಬಾಳಿಗೂ ನಡುವೆ ದೊಡ್ಡ ಗೋಡೆಯಿದೆಯೆಂದು ಅವರು ಕಂಡರು. ಅದನ್ನು ಒಂದೇ ಏಟಿಗೆ ಕೆಡವಬೇಕೆಂದುಕೊಂಡರು. ಕಾಲುನಡಿಗೆಯಿಂದ ಹಳ್ಳಿಹಳ್ಳಿ ತಿರುಗಿದರು. ಜನರ ಮಾತನ್ನೂ ನಡೆಯನ್ನೂ ಹಾಡನ್ನೂ ಕಲಿಯಬೇಕೆಂದು ಹಗಲಿರುಳು ಬಡಿದಾಡಿದರು. ಹಿರಿಯ ಮಿಶನರಿಗಳಿಗೆ ಇದು ಸರಿಬೀಳಲಿಲ್ಲ. ಮನಸ್ತಾಪಗಳು ಬೆಳೆದವು. ಮಿಶನ್ನಿನೊಳಗೇ ಅವರು ಹೊರಗಿನವರಂತೆ ಆದರು. ಸಾರೋಣದ ಕೆಲಸದಲ್ಲಿಯೂ ಅವರು ಬಯಸಿದ ಫಲವು ಕಾಣಲಿಲ್ಲ. ಇಂದು ಚರಿತ್ರಕಾರರು ಅವರ ಮೊದಲ ವರುಷಗಳನ್ನು ಸೋಲೆಂದೇ ಬರೆಯುತ್ತಾರೆ.

ಈ ವ್ಯಾಜ್ಯದಲ್ಲಿ ನಾವು ಯಾರ ಪಕ್ಷವನ್ನು ಹಿಡಿಯಬೇಕು? ಹಿರಿಯರು ಕಲ್ಲೆದೆಯವರೆಂದು ಹೇಳಿಬಿಡುವದು ಸುಲಭ; ಆದರೆ ಅವರು ಉರಿಬಿಸಿಲಲ್ಲಿಯೂ ಜ್ವರದಲ್ಲಿಯೂ ಜೊತೆಗಾರರನ್ನು ಮಣ್ಣುಮಾಡಿದವರು, ಹುಡುಗರ ಹುರುಪಿಗೆ ಹೆದರಿದರೆ ಆಶ್ಚರ್ಯವಿಲ್ಲ. ಕಿಟ್ಟೆಲ್ ಅಯ್ಯನವರ ಆಶೆಯೂ ತಪ್ಪಾದದ್ದಲ್ಲ. ಅದು ಒಳ್ಳೇ ಆಶೆ, ದೊಡ್ಡ ಆಶೆ. ತಪ್ಪಿದ್ದದ್ದು ಅವಧಿಯಲ್ಲಿ. ಒಬ್ಬ ಪರದೇಶಿಯು ಒಂದು ಜನಾಂಗದ ಒಳಗಿನವನಾಗುವ ಕೆಲಸಕ್ಕೆ ಅವರು ಒಂದೆರಡು ವರುಷಗಳನ್ನು ಎಣಿಸಿಕೊಂಡಿದ್ದರು. ದೇವರು ಅದಕ್ಕೆ ಒಂದು ಆಯುಷ್ಯವನ್ನು ಗೊತ್ತುಮಾಡಿದ್ದನು.

ಮನೆಯಲ್ಲಿಯೂ ಅವರಿಗೆ ಸುಖವು ಬಹುಕಾಲ ಉಳಿಯಲಿಲ್ಲ. 1860ರಲ್ಲಿ ಪೌಲೀನಾ ಐಟ್ ಎಂಬವರನ್ನು ಮದುವೆಯಾದರು. 1864ರಲ್ಲಿ ಆಕೆ ತೀರಿಕೊಂಡರು. ಕೆಲವು ವರುಷಗಳ ಮೇಲೆ ಆಕೆಯ ಒಡಹುಟ್ಟಿದವಳಾದ ಯೂಲಿಯಾ ಎಂಬವರನ್ನು ಮದುವೆ ಮಾಡಿಕೊಂಡು ತಿರಿಗಿ ಮನೆ ಕಟ್ಟಿದರು. ಇದರ ವಿಷಯವಾಗಿ ಹೆಚ್ಚು ಬರೆಯುವದು ನಮಗೆ ಸೇರದು. ಹೆಂಡತಿಯನ್ನು ಕಳಕೊಂಡ ಮನೆಯ ಮೌನವನ್ನು ಕಂಡ ವಾಚಕರು ತಾವೇ ತಿಳುಕೊಳ್ಳುವರು.

ಆದರೆ ಈ ಮಧ್ಯದಲ್ಲಿ, ಯಾರೂ ಎಣಿಸದ ಒಂದು ಕಡೆಯಲ್ಲಿ ಮೊಳಕೆಯೊಂದು ಹೊರಟಿತ್ತು. 1862ರಲ್ಲಿ ಮಂಗಳೂರಿನಿಂದ ಕಥಾಮಾಲೆ ಎಂಬ ಪುಸ್ತಕವು ಹೊರಬಂತು. ಕರ್ತನಾದ ಯೇಸು ಕ್ರಿಸ್ತನ ಚರಿತ್ರೆಯನ್ನು ಕಿಟ್ಟೆಲ್ ಅಯ್ಯನವರು ಅದರಲ್ಲಿ ಕನ್ನಡ ಛಂದಸ್ಸಿನಲ್ಲಿಯೇ ಪದ್ಯವಾಗಿ ಬರೆದರು. ಜೈಮಿನಿ ಭಾರತವನ್ನು ಓದಿಸಿ ಕೇಳುವ ಜನರ ಕಿವಿಗೆ ಸುವಾರ್ತೆಯೂ ಅದೇ ನಡಿಗೆಯಲ್ಲಿ ಬೀಳಲಿ ಎಂಬದು ಅವರ ಉದ್ದೇಶ. ಇದಕ್ಕೆ ಮುಂಚೆ ಅವರು ಬಟ್ಟೆ, ಊಟ, ನಡಿಗೆ ಇವುಗಳಿಂದ ಒಳಗೆ ಹೋಗಬೇಕೆಂದು ನೋಡಿದ್ದರು. ಈಗ ಬಾಗಿಲು ಮಾತಿನಲ್ಲಿದೆಯೆಂದು ಅವರಿಗೆ ತಿಳಿಯುತ್ತ ಬಂತು. ಮಾತಿನ ಬಾಗಿಲಾದರೋ ತಳ್ಳಿದರೆ ತೆರೆಯುವಂಥದಲ್ಲ.

ಪದ್ಯ ಬರೆಯಬೇಕಾದರೆ ಛಂದಸ್ಸು ಬೇಕು. ಛಂದಸ್ಸನ್ನು ತಿಳಿಯಬೇಕಾದರೆ ಹಳೆಯ ಗ್ರಂಥಗಳನ್ನು ಓದಬೇಕು. ಅವು ತಾಳೆಗರಿಯ ಕಟ್ಟುಗಳಲ್ಲಿದ್ದವು, ಒಂದು ಪ್ರತಿಯ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಆದದರಿಂದ ಅವರು ಹಿಂದೆ ಹಿಂದೆ ಹೋದರು. ಕನ್ನಡ ಕಾವ್ಯಗಳಿಂದ ಆಯ್ದ ಪದ್ಯಗಳ ಸಂಗ್ರಹವೊಂದನ್ನು ಶಾಲೆಗಳಿಗಾಗಿ ಮಾಡಿದರು. 1872ರಲ್ಲಿ, ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಎಂಬ ವ್ಯಾಕರಣವನ್ನು ಹಳೆಯ ಟೀಕಿನ ಸಂಗಡ ಅಚ್ಚು ಹಾಕಿಸಿದರು. 1875ರಲ್ಲಿ, ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯನ್ನು ಹೊರಡಿಸಿ, ಅದರ ಮೊದಲಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತು ದೀರ್ಘವಾದ ಒಂದು ಪ್ರಬಂಧವನ್ನೂ ಇಂಗ್ಲಿಷಿನಲ್ಲಿ ಬರೆದರು. ಧಾರವಾಡಕ್ಕೆ ಬಂದು ಅಷ್ಟು ಹೊತ್ತಿಗೆ 22 ವರುಷಗಳಾಗಿದ್ದವು. ಸಭೆಯ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲೂ ಸಿಕ್ಕಲಾರದು. ಈ ತಿಂಗಳು ಎಷ್ಟು ಜನಕ್ಕೆ ಸ್ನಾನವಾಯಿತು ಎಂಬ ಕಂಕಣದಲ್ಲಿ ವ್ಯಾಕರಣಕ್ಕೆ ಮನೆಯಿಲ್ಲ. (ಇಂಥ ಕಂಕಣಗಳನ್ನು ತುಂಬುವ ಉಪದೇಶಿಗಳಿಗೆ ನಾವು ಹೇಳುವದು ಅರ್ಥವಾಗುವದು.)

ಈಗ ನಿಘಂಟಿನ ಮಾತಿಗೆ ಬರೋಣ. ಕನ್ನಡಕ್ಕೆ ಮುಂಚೆ ನಿಘಂಟೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಲಂಡನ್ ಮಿಶನ್ನಿನ ರೀವ್ ಎಂಬವರು 1824ರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ, 1832ರಲ್ಲಿ ಕನ್ನಡದಿಂದ ಇಂಗ್ಲಿಷಿಗೂ ನಿಘಂಟುಗಳನ್ನು ಹೊರಡಿಸಿದ್ದರು. ಈ ಎರಡನೆಯದು ಹೊರಟ ವರುಷವೇ ಕಿಟ್ಟೆಲ್ ಅಯ್ಯನವರು ತೊಟ್ಟಿಲಲ್ಲಿದ್ದರು. ಸ್ಯಾಂಡರ್ಸನ್ ಎಂಬವರು ಅದನ್ನು ತಿದ್ದಿ 1858ರಲ್ಲಿ ಬೆಂಗಳೂರಲ್ಲಿ ಅಚ್ಚು ಹಾಕಿಸಿದರು. ಕಿಟ್ಟೆಲ್ ಅಯ್ಯನವರು ಇವರ ದುಡಿತವನ್ನು ಬದಿಗಿಡಲಿಲ್ಲ. ಅದರ ಮೇಲೆ ಕಟ್ಟಿದರು. ಆದರೆ ಅವರು ಬಯಸಿದ್ದು ಬೇರೆ ಅಳತೆಯದು. ಹಳೆಯ ಕಾವ್ಯದ ಶಬ್ದವೂ ಸಂತೆಯ ಶಬ್ದವೂ ಎರಡೂ ಅದರಲ್ಲಿ ಇರಬೇಕು. ಯಾವ ಶಬ್ದವು ಸಂಸ್ಕೃತದಿಂದ ಬಂದದ್ದು, ಯಾವದು ಅದರಿಂದ ಬಂದು ಕನ್ನಡದಲ್ಲಿ ಸವೆದದ್ದು, ಯಾವದು ಮರಾಠಿ ಹಿಂದುಸ್ಥಾನಿಗಳಿಂದ ಬಂದದ್ದು, ಯಾವದು ನೆಲದ ಅಚ್ಚ ಶಬ್ದ ಎಂದು ಬೇರೆ ಬೇರೆಯಾಗಿ ತೋರಿಸಬೇಕು. ಅದಕ್ಕೆ ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿ ಇರುವ ನೆಂಟರನ್ನು ಹುಡುಕಬೇಕು. ಆ ಶಬ್ದವನ್ನು ಯಾವ ಗ್ರಂಥದಲ್ಲಿ ಬಳಸಿದ್ದಾರೆಂದು ಹೇಳಬೇಕು. ಗಾದೆಗಳನ್ನು ಕೂಡಾ ಅವರು ಬಿಡಲಿಲ್ಲ. ಶಬ್ದದ ಅರ್ಥಕ್ಕೆ ಸಾಕ್ಷಿಯಾಗಿ ಹಳ್ಳಿಯವರ ಗಾದೆಯನ್ನು ದೊಡ್ಡ ಕವಿಗಳ ಪಂಕ್ತಿಯಲ್ಲಿಯೇ ಕೂಡಿಸಿದರು.

ಒಂದು ಶಬ್ದವನ್ನು ಹೀಗೆ ಗೊತ್ತುಮಾಡುವದಕ್ಕೆ ಎಷ್ಟು ಹೊತ್ತು ಬೇಕು! ಮುದಿ ಒಕ್ಕಲಿಗನೊಬ್ಬನನ್ನು ಕೇಳಬೇಕು. ಅವನು ಹೇಳಿದ ಅರ್ಥವು ಪಂಡಿತನಿಗೆ ಗೊತ್ತಿಲ್ಲ. ಪಂಡಿತನು ಹೇಳಿದ್ದು ಗರಿಯಲ್ಲಿ ಸಿಕ್ಕುವದಿಲ್ಲ. ಮೈಸೂರಲ್ಲಿ ಒಂದರ್ಥ, ನಮ್ಮ ಕಡೆ ಇನ್ನೊಂದು. ನಮ್ಮ ಸೀಮೆಯನ್ನು ಆ ಕಾಲದ ಇಂಗ್ಲಿಷರು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಆ ಹೆಸರಿನ ಮೊದಲ ಅಕ್ಷರಗಳನ್ನು ಗುರುತಾಗಿ ಹಾಕಿ, ಇದು ಆ ಕಡೆಯವರ ಮಾತು ಎಂದು ಕಿಟ್ಟೆಲ್ ಅಯ್ಯನವರು ಪುಟಪುಟಗಳಲ್ಲಿ ಬರೆದಿದ್ದಾರೆ. ಕಮತಗಿಯ ಮಗ್ಗ, ಲಾಳಿಗಳೂ, ಕರಿನೆಲದ ಕೂರಿಗೆ, ಕುಂಟೆಗಳೂ ಕಾವ್ಯದ ಶಬ್ದಗಳ ಪಕ್ಕದಲ್ಲಿ ಅಷ್ಟೇ ಮರ್ಯಾದೆಯಿಂದ ಅಲ್ಲಿ ಕೂತಿವೆ. ಓದು ಬಾರದವರೆಂದು ಯಾರನ್ನು ಲೋಕವು ತಳ್ಳಿತೋ ಅವರ ಬಾಯ ಮಾತು ಪಂಡಿತರಿಗೆ ಪಾಠವಾಯಿತು.

ಒಂದೇ ಶಬ್ದವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಾಳ್ ಎಂಬದು ಕನ್ನಡದಲ್ಲಿ ಬಹು ಹಳೆಯ ಶಬ್ದ. ಅದಕ್ಕೆ ಸಹಿಸು, ಹೊರು, ಕಾದಿರು ಎಂಬರ್ಥವುಂಟು. ತಾಳ್ಮೆಯು ಅದರಿಂದಲೇ ಬಂದದ್ದು, ತಾಳಿದವನು ಬಾಳಿಯಾನೆಂದು ನಾವು ಗಾದೆ ಹೇಳುವದೂ ಅದರಿಂದಲೇ. ಅದೇ ರೂಪದ ಇನ್ನೊಂದು ಶಬ್ದಕ್ಕೆ ಗಿಡದ ದಂಟು, ಕಾಂಡ ಎಂಬರ್ಥವುಂಟು. ಇವೆರಡಕ್ಕೂ ಬೇರು ಒಂದೇ ಎಂದು ನಾವು ಹೇಳುವದಿಲ್ಲ. ಅದು ಭಾಷಾಶಾಸ್ತ್ರಜ್ಞರ ಕೆಲಸ. ಆದರೆ ಜೋಳದ ದಂಟು ತೆನೆಯ ಭಾರವನ್ನು ಹೊತ್ತು ನಿಲ್ಲುವದನ್ನು ಕಂಡವರಿಗೆ ಎರಡು ಶಬ್ದಗಳು ಒಂದೇ ಹೊಲದಲ್ಲಿ ನಿಂತಂತೆ ಕಾಣುವವು. ಇಂಥ 70,000 ಶಬ್ದಗಳನ್ನು ಒಂದೊಂದಾಗಿ ಎತ್ತಿ, ನೋಡಿ, ತೂಗಿ, ಇಡಬೇಕಾಗಿತ್ತು.

ನಮ್ಮ ಕಡೆಯ ನೇಕಾರರಿಗೆ ಇದನ್ನು ವಿವರಿಸುವ ಅವಶ್ಯವಿಲ್ಲ. ಇಳಕಲ್ಲ ಸೀರೆಯನ್ನು ನೇಯುವವರು ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವದನ್ನು ನೋಡಿರಿ. ಮೈಯ ಹಾಸು ಒಂದು, ಸೆರಗಿನ ರೇಶಿಮೆಯ ಹಾಸು ಬೇರೊಂದು. ಎಳೆಗೆ ಎಳೆಯನ್ನು ಸಿಕ್ಕಿಸಿ ಸಿಕ್ಕಿಸಿ ಅವೆರಡನ್ನೂ ಒಂದು ಮಾಡಬೇಕು. ಆ ಹೊತ್ತಿನಲ್ಲಿ ಒಂದು ಗೇಣು ಬಟ್ಟೆಯೂ ನೇದಂತಾಗುವದಿಲ್ಲ. ದಾರಿಯಲ್ಲಿ ಹೋಗುವವನು ಇಣಿಕಿ ನೋಡಿದರೆ, ಇವನು ಬರೇ ಕೂತಿದ್ದಾನೆ ಎಂದಾನು. ಆದರೆ ಕೊಂಡಿ ಹಾಕದೆ ಸೆರಗು ಎಲ್ಲಿಂದ ಬಂದೀತು?

1877ರಲ್ಲಿ ಕಿಟ್ಟೆಲ್ ಅಯ್ಯನವರು ಜರ್ಮನಿಗೆ ಹಿಂದಿರುಗಿದರು. ಇಂಡಿಯಾದಲ್ಲಿ ದುಡಿದು ದಣಿದವರಿಗೆ ಅದು ವಿಶ್ರಾಂತಿಯ ಕಾಲ. ನಿಘಂಟು ಮಾತ್ರ ಮುಗಿದಿರಲಿಲ್ಲ. ದೂರದ ಊರಲ್ಲಿ ಕೂತು ಪುಸ್ತಕಗಳಿಂದಲೇ ಅದನ್ನು ಮುಗಿಸುವದು ಸಾಧ್ಯವಾಗಲಿಲ್ಲ. ಬಾಯ ಮಾತನ್ನು ಕೇಳುವದಕ್ಕೆ ಬಾಯಿಗಳಿರುವ ಕಡೆಗೇ ಬರಬೇಕು. ಆದದರಿಂದ 1883ರಲ್ಲಿ ಅವರು ತಿರಿಗಿ ಹಡಗು ಹತ್ತಿದರು. ಆಗ ಅವರಿಗೆ 51 ವಯಸ್ಸು. ಈ ಬಾರಿ ಒಂದು ದೇಶವನ್ನೆಲ್ಲಾ ತಿರುಗಿಸಿಬಿಡುವೆನೆಂಬ ಹುರುಪು ಇರಲಿಲ್ಲ. ಬಿಟ್ಟುಹೋದ ಶಬ್ದಗಳನ್ನು ಕೂಡಿಸಬೇಕು, ಸಂಶಯವಾದವುಗಳನ್ನು ಕೇಳಿ ತಿಳಿಯಬೇಕು, ಇಷ್ಟೇ. ಇನ್ನೂ ಒಂಭತ್ತು ವರುಷ ಅವರು ಇಲ್ಲಿ ಈ ಕೆಲಸದಲ್ಲಿದ್ದರು. ಈ ಎರಡನೆಯ ಬರೋಣವನ್ನೇ ನಾವು ಅವರ ಜೀವಿತದಲ್ಲಿ ಹೆಚ್ಚಿನದೆಂದೆಣಿಸುತ್ತೇವೆ. ಇಪ್ಪತ್ತೊಂದರಲ್ಲಿ ಬರುವದಕ್ಕೆ ಧೈರ್ಯವು ಸಾಕು. ಅರ್ಧ ಬಿಟ್ಟ ಕೆಲಸಕ್ಕೆ ಐವತ್ತೊಂದರಲ್ಲಿ ತಿರಿಗಿ ಬರಬೇಕಾದರೆ ಧೈರ್ಯಕ್ಕಿಂತ ಬೇರೊಂದು ಬೇಕು. ನಮ್ಮ ಸತ್ಯವೇದದಲ್ಲಿ ಅದಕ್ಕೆ ದೀರ್ಘಶಾಂತಿ ಎಂದು ಹೆಸರು.

ದೀರ್ಘಶಾಂತಿಯೆಂದರೆ ಸುಮ್ಮನೆ ಕೂತಿರುವದೆಂದು ಕೆಲವರು ತಿಳಿದಿದ್ದಾರೆ. ಹೀಗೆ ತಿಳಿದು, ಮಕ್ಕಳಿಗೆ ಅಕ್ಷರ ಕಲಿಸದೆ, ಸಾಲಕ್ಕೆ ದಾರಿ ಹುಡುಕದೆ, ಜಗಳವನ್ನು ತೀರಿಸದೆ, ದೇವರು ತಕ್ಕ ಕಾಲದಲ್ಲಿ ಮಾಡುವನೆಂದು ಹೇಳುತ್ತಾ ಕಾಲ ಕಳೆಯುವವರೂ ಉಂಟು. ಇದು ಮೈಗಳ್ಳತನ; ಇದಕ್ಕೆ ಒಳ್ಳೇ ಹೆಸರಿಡಬಾರದು. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ ಬೀಜದ ಸಾಮ್ಯವನ್ನು ಜ್ಞಾಪಕಕ್ಕೆ ತಂದುಕೊಳ್ಳಿರಿ. ಆ ಒಕ್ಕಲಿಗನು ಬಿತ್ತದೆ ಮಲಗಲಿಲ್ಲ, ಬಿತ್ತಿ ಮಲಗಿದನು. ನಮ್ಮ ಹಿಂಗಾರಿ ಜೋಳವನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುವದು. ಮಳೆಯು ಹಿಂದೆ ಸರಿಯುವ ಹೊತ್ತಿಗೆ ಹದ ನೋಡಿ ಕೂರಿಗೆ ಹೂಡುತ್ತೇವೆ. ಆ ಮೇಲೆ ಹೇಳಿಕೊಳ್ಳುವಷ್ಟು ಮಳೆಯಿಲ್ಲ. ನೆಲದೊಳಗಿನ ತೇವ, ಮುಂಜಾನೆಯ ಇಬ್ಬನಿ, ಇಷ್ಟರ ಮೇಲೆಯೇ ನಾಲ್ಕು ತಿಂಗಳು. ಈ ನಡುವೆ ಎಡೆ ಹೊಡೆಯುವದುಂಟು, ಕಳೆ ತೆಗೆಯುವದುಂಟು, ಹಕ್ಕಿ ಕಾಯುವದುಂಟು. ಆದರೆ ದಂಟನ್ನು ಹಿಡಿದೆಳೆದು ಉದ್ದ ಮಾಡುವ ಒಕ್ಕಲಿಗನನ್ನು ನಾವು ಯಾವ ಊರಲ್ಲಿಯೂ ಕಂಡಿಲ್ಲ. ಹೊಲದಲ್ಲಿ ಇಷ್ಟು ಜಾಣನಾದವನು ತನ್ನ ಆತ್ಮದ ವಿಷಯದಲ್ಲಿ ಮಾತ್ರ ಬಿತ್ತಿದ ಮರುದಿನ ತೆನೆಯನ್ನು ಹುಡುಕುವದು ಯಾಕೆ? ಹೋದ ವರುಷ ದಿನಕ್ಕೆ ಹತ್ತು ಸಾರಿ ಸಿಟ್ಟಾಗುತ್ತಿದ್ದವನು ಈ ವರುಷ ಒಂಭತ್ತು ಸಾರಿ ಸಿಟ್ಟಾದರೆ, ಆ ಹತ್ತನೆಯದು ಎಲ್ಲಿಗೆ ಹೋಯಿತೆಂದು ಅವನು ವಿಚಾರಿಸಲಿ. ಅವನ ಹೆಂಡತಿಗೆ ಅದು ತಿಳಿದಿರುತ್ತದೆ.

ಕಿಟ್ಟೆಲ್ ಅಯ್ಯನವರಲ್ಲಿ ಇಂಥ ಬೆಳವಣಿಗೆಯ ಗುರುತೊಂದು ಅವರ ಪುಸ್ತಕಗಳ ಮೇಲ್ಹಾಳೆಯಲ್ಲಿಯೇ ಉಂಟು. ಯೂರೋಪಿನವರು ನಮ್ಮ ಭಾಷೆಯನ್ನು ಕೆನರೀಸ್ ಎಂದು ಕರೆಯುತ್ತಿದ್ದರು. 1875ರಲ್ಲಿ ನಾಗವರ್ಮನ ಗ್ರಂಥಕ್ಕೆ ಇಂಗ್ಲಿಷ್ ಹೆಸರನ್ನು ಕೊಡುವಾಗ ಕಿಟ್ಟೆಲ್ ಅಯ್ಯನವರೂ ಹಾಗೆಯೇ ಅಚ್ಚು ಹಾಕಿಸಿದರು. 1894ರ ನಿಘಂಟಿನ ಮೇಲೆ ಆ ಶಬ್ದವಿಲ್ಲ. ಜನರು ತಾವೇ ತಮ್ಮ ಮಾತಿಗೆ ಇಟ್ಟಿರುವ ಕನ್ನಡ ಎಂಬ ಹೆಸರು ಅಲ್ಲಿ ನಿಂತಿದೆ. ಎರಡು ಹಾಳೆಗಳ ನಡುವೆ 19 ವರುಷಗಳು. ಯಾವ ದಿವಸ ಈ ಬದಲಾವಣೆಯಾಯಿತೆಂದು ಯಾರು ಹೇಳಬಲ್ಲರು? ಹುಡುಗನಾಗಿದ್ದಾಗ ಬಯಸಿದ ಹಾಗೆ ಅವರು ಒಳಗಿನವರಾಗಿದ್ದರು. ಅವರಿಗೂ ತಿಳಿಯದ ಯಾವದೋ ಒಂದು ದಿವಸದಲ್ಲಿ.

1892ರಲ್ಲಿ ಅವರು ಕೊನೆಯ ಸಾರಿ ಈ ದೇಶವನ್ನು ಬಿಟ್ಟರು. ಮರು ಎರಡು ವರುಷಕ್ಕೆ ಮಂಗಳೂರಲ್ಲಿ ಪುಸ್ತಕವು ಹೊರಟಿತು. ಒಂದೊಂದು ಶಬ್ದವನ್ನೂ ಕನ್ನಡ ಅಕ್ಷರದಲ್ಲಿಯೂ, ಅದರ ಉಚ್ಚಾರವನ್ನು ಚುಕ್ಕೆ ಗೆರೆಗಳನ್ನಿಟ್ಟ ರೋಮನ್ ಅಕ್ಷರದಲ್ಲಿಯೂ ಜೋಡಿಸಿದ ಮಂಗಳೂರಿನ ಅಚ್ಚುಮೊಳೆಯವರ ಹೆಸರುಗಳನ್ನು ಯಾರೂ ಎತ್ತುವದಿಲ್ಲ. 1,700 ಪುಟಗಳನ್ನು ಮೊಳೆಮೊಳೆಯಾಗಿ ಕೂಡಿಸಿದ ಆ ಕೈಗಳಿಗೂ ಈ ಕಥೆಯಲ್ಲಿ ಪಾಲುಂಟು. ಮುನ್ನುಡಿಯಲ್ಲಿ ಕಿಟ್ಟೆಲ್ ಅಯ್ಯನವರು, ಸಂಸ್ಕೃತವೇ ದ್ರಾವಿಡ ಭಾಷೆಗಳಿಂದ ತೆಗೆದುಕೊಂಡಿರಬಹುದಾದ ನಾನೂರು ಚಿಲ್ಲರೆ ಶಬ್ದಗಳ ಪಟ್ಟಿಯನ್ನೂ ಕೊಟ್ಟರು. ಕನ್ನಡವು ಬರೇ ಬೇಡಿ ತಂದ ಭಾಷೆಯಲ್ಲ, ಕೊಟ್ಟ ಭಾಷೆಯೂ ಹೌದೆಂಬದನ್ನು ವಿಚಾರಮಾಡಲಿಕ್ಕೆ ಪಂಡಿತರಿಗೆ ಇದರಿಂದ ದಾರಿಯಾಯಿತು. 1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು ಅವರಿಗೆ ಡಾಕ್ಟರ್ ಎಂಬ ಗೌರವ ಪದವಿಯನ್ನು ಕೊಟ್ಟರು.

ಆಗ ಅವರಿಗೆ ಅರುವತ್ತನಾಲ್ಕು. ಇನ್ನು ಸಾಕೆಂದು ಯಾರಾದರೂ ಹೇಳಬಹುದಾಗಿತ್ತು. ಅವರು ಕನ್ನಡ ವ್ಯಾಕರಣಕ್ಕೆ ಕೈ ಹಾಕಿದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು, ಭಾಷೆಯ ರೂಪಗಳು ಕಾಲಕಾಲಕ್ಕೆ ಹೇಗೆ ತಿರುಗಿದವೆಂದು ಅದರಲ್ಲಿ ತೋರಿಸಿದರು. ಕೇಶಿರಾಜನ ವ್ಯಾಕರಣವನ್ನು ಅಚ್ಚು ಹಾಕಿಸಿ ಮೂವತ್ತೊಂದು ವರುಷಗಳಾದ ಮೇಲೆ, 1903ರಲ್ಲಿ, ಆ ಪುಸ್ತಕವು ಮಂಗಳೂರಲ್ಲಿ ಪ್ರಕಟವಾಯಿತು. ಅದೇ ವರುಷ ಡಿಸೆಂಬರ್ ತಿಂಗಳಲ್ಲಿ ಕಿಟ್ಟೆಲ್ ಅಯ್ಯನವರು ಟ್ಯೂಬಿಂಗೆನ್ ಪಟ್ಟಣದಲ್ಲಿ ತಮ್ಮ 71ನೆಯ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಅವರ ಹೆಸರಿನ ಕಾಲೇಜು ಧಾರವಾಡದಲ್ಲಿದೆ. ಯಾವ ಸೀಮೆಯಲ್ಲಿ ಅವರು ಫಲವಿಲ್ಲದವರೆಂದೆನಿಸಿಕೊಂಡರೋ ಅಲ್ಲಿಯೇ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ; ನಿಲ್ಲಿಸಿದವರಲ್ಲಿ ಬಹುಮಂದಿ ನಮ್ಮ ಸಭೆಯವರಲ್ಲ, ಕನ್ನಡಿಗರು. ನಿಘಂಟಾದರೋ ಅಲ್ಲಿಗೇ ನಿಲ್ಲಲಿಲ್ಲ. ಮರಿಯಪ್ಪ ಭಟ್ಟರೆಂಬ ಪಂಡಿತರು ಅದನ್ನು ತಿದ್ದಿ, ಹೆಚ್ಚಿಸಿ, ನಾಲ್ಕು ಸಂಪುಟಗಳಾಗಿ ಮಾಡಿದರು; ಮದ್ರಾಸು ವಿಶ್ವವಿದ್ಯಾಲಯದವರು ಅವನ್ನು 1968ರಿಂದ 1971ರ ವರೆಗೆ ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನವರು ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ ದೊಡ್ಡ ನಿಘಂಟನ್ನು ಕೈಕೊಂಡು, 1970ರಲ್ಲಿ ಮೊದಲನೆಯ ಸಂಪುಟವನ್ನು ಹೊರಡಿಸಿದರು. ಎಂಟನೆಯದು, ಅಂದರೆ ಕೊನೆಯದು, 1995ರಲ್ಲಿ ಹೊರಟಿತು. ಮೊದಲನೆಯ ಸಂಪುಟವು ಅಚ್ಚಾದಾಗ ಹುಟ್ಟಿದ ಕೂಸು ಅಷ್ಟು ಹೊತ್ತಿಗೆ ಇಪ್ಪತ್ತೈದು ವರುಷದ ಆಳಾಗಿತ್ತು.